ಉದ್ದ ಪದಗಳು ಕೊನೆಗೆ

ಫೆಬ್ರವರಿ 3

ಅಂಚೆ ಮೂಲಕ ಗ್ರೀಕ್ ಕಲಿಸುವ ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಜಾಹೀರಾತು ಹಳೆಯ ಪತ್ರಿಕೆಯೊಂದರಲ್ಲಿ ಕಣ್ಣಿಗೆ ಬಿತ್ತು. ರಿಪೇರಿಯಾದ ಗೋಡೆ ಗಡಿಯಾರಕ್ಕೆ ಸುತ್ತಲೆಂದು ಆ ಹಾಳೆ ಎಳೆದಿದ್ದೆ. ಗಡಿಯಾರಕ್ಕೆ ಬೇರೆ ಹಾಳೆ ಸುತ್ತಿ ಕಳುಹಿಸಿದೆ. ನಾನು ಗಡಿಯಾರ ರಿಪೇರಿ ಮಾಡುವವನು. ವಯಸ್ಸು ಐವತ್ತೆರಡು. ಗ್ರೀಕಿನ ಒಂದಕ್ಷರವೂ ಬರುವುದಿಲ್ಲ.

ಕಲಿಯುವ ಕಾರಣ ತಿಳಿಸಬೇಕು ಎಂದಿದ್ದೀರಿ. ಆ ಭಾಷೆಯಲ್ಲಿ ನನಗೊಂದು ಕಾಗದ ಬಂದಿದೆ. ಬರೆದವಳು ನನ್ನ ತಂಗಿ. ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ. ಲಕೋಟೆಯ ಮೇಲೆ ವಿಳಾಸ ಕೂಡ ಕೈಯಲ್ಲಿ ಬರೆದಿಲ್ಲ. ಅವಳ ಕೈಗಡಿಯಾರದ ಡಬ್ಬಿಗೆ ನಾನು ಹಿಂದೆ ಅಂಟಿಸಿದ್ದ ನಮ್ಮ ಅಂಗಡಿಯ ಚೀಟಿಯನ್ನು ಕಿತ್ತು ಅಂಟಿಸಿದ್ದಾಳೆ. ನಮ್ಮ ಭಾಷೆ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಬೇಕೆಂದೇ ಈ ಭಾಷೆಯಲ್ಲಿ ಬರೆದಿದ್ದಾಳೆ. ಯಾಕೆಂದು ನನಗೆ ಗೊತ್ತು, ಅದು ಇಲ್ಲಿ ಬೇಡ.

ಕಾಗದವನ್ನು ನಾನೇ ಓದಬೇಕು. ಅದೇ ಭಾಷೆಯಲ್ಲಿ ತಪ್ಪಿಲ್ಲದ ಉತ್ತರ ಬರೆಯಬೇಕು. ಎಷ್ಟು ದಿನ ಹಿಡಿಯುತ್ತದೆ?

ಗಡಿಯಾರ ರಿಪೇರಿಯವ


ಫೆಬ್ರವರಿ 14

ಗಡಿಯಾರದವರಿಗೆ ನಮಸ್ಕಾರ.

ಎಷ್ಟು ದಿನ ಎಂದು ಕೇಳಿದ ಮೊದಲ ವಿದ್ಯಾರ್ಥಿ ನೀವಲ್ಲ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. ಅದೇ ನಿಮ್ಮ ಮೊದಲ ಪಾಠವೂ ಆಗಲಿ. ಸಿಗಾ ಸಿಗಾ. ಆ ಜನ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತಿದು. ನಿಧಾನ, ನಿಧಾನ. ಹಡಗಿನ ಕಂಪನಿಯೊಂದರ ಆಫೀಸಿನಲ್ಲಿ ಇಪ್ಪತ್ತು ವರ್ಷ ದುಭಾಷಿಯಾಗಿದ್ದೆ. ಅಲ್ಲಿ ನಾನು ಮೊದಲು ಕಲಿತದ್ದೂ ಇದನ್ನೇ.

ಅಕ್ಷರಮಾಲೆ ಇದರ ಜೊತೆಗಿದೆ. ದಿನಬಳಕೆಯ ಮಾತು ಆರು ಬರೆದಿದ್ದೇನೆ. ಬೆಳಿಗ್ಗೆ ಅಂಗಡಿ ತೆರೆದಾಗ 'ಕಲಿಮೇರಾ' ಎಂದು ಗಟ್ಟಿಯಾಗಿ ಹೇಳಿ, ಕೇಳುವವರು ಯಾರೂ ಇಲ್ಲದಿದ್ದರೂ ಸರಿ. 'ನೆ' ಎಂದರೆ ಹೌದು, 'ಓಹಿ' ಎಂದರೆ ಇಲ್ಲ. ಒಂದು ಸಮಾಧಾನದ ಸಂಗತಿ ಹೇಳುತ್ತೇನೆ: ನಮ್ಮ ಹಾಗೆ ಅವರಲ್ಲೂ ನೀನು-ನೀವು ಬೇರೆ ಬೇರೆ, ಮಗು ಅವರಲ್ಲೂ ನಪುಂಸಕ ಲಿಂಗ. ಅರ್ಧ ವ್ಯಾಕರಣ ನಿಮಗೆ ಆಗಲೇ ಬರುತ್ತದೆ.

ಪ್ರತಿ ಪಾಠದ ಜೊತೆ ನಿಮಗೆ ಬೇಕಾದ ಹತ್ತು ಪದ ಕೇಳಬಹುದು, ಅರ್ಥ ಬರೆಯುತ್ತೇನೆ. ಆದರೆ ನನ್ನ ಆರನೆಯ ನಿಯಮ ಓದಿ: ಖಾಸಗಿ ಪತ್ರಗಳನ್ನು ಓದಿ ಹೇಳುವುದಿಲ್ಲ, ಅನುವಾದಿಸಿ ಕೊಡುವುದಿಲ್ಲ. ನೀವು ಅದನ್ನು ಕೇಳಲಿಲ್ಲ. ಅದು ನನಗೆ ಹಿಡಿಸಿತು.

ಗ್ರೀಕ್ ಟೀಚರ್


ಮಾರ್ಚ್ 1

ಟೀಚರ್ ಅವರಿಗೆ ನಮಸ್ಕಾರ.

ಅಕ್ಷರ ಅಷ್ಟೂ ಬಂದವು. ಕಲಿಮೇರಾ ಕೂಡ ಬಂತು. ಪಕ್ಕದಂಗಡಿಯ ದರ್ಜಿ ಬಾಗಿಲಿಗೆ ಬಂದು ನಿಂತ.

"ಏನ್ ಗಡಿಯಾರಣ್ಣ, ಯಾರ್ ಜೊತೆ ಮಾತಾಡ್ತಿದ್ದೀರಿ?"

"ಯಾರ್ ಜೊತೇನೂ ಇಲ್ಲ. ಭಾಷೆ ಕಲೀತಿದ್ದೀನಿ."

"ಇರೋ ಭಾಷೇಲೇ ನೀವು ದಿನಕ್ಕೆ ನಾಲ್ಕು ಮಾತಾಡಲ್ಲ. ಇನ್ನೊಂದು ತಗೊಂಡು ಏನ್ ಮಾಡ್ತೀರಿ, ಅದರಲ್ಲೂ ಸುಮ್ನಿರ್ತೀರಾ?"

ಅವನ ಬಾಯಿ ಹಾಗೆ. ಕೆಲಸ ಚೊಕ್ಕ.

ನಿಮ್ಮ ನಿಯಮ ನನಗೆ ಒಪ್ಪಿಗೆ. ನನ್ನ ಕಾಗದವನ್ನು ಬೇರೆಯವರು ಓದುವುದು ನನಗೂ ಬೇಡ. ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ಗಡಿಯಾರ ಬಿಚ್ಚುವಾಗ ನಾನು ಭಾಗಗಳನ್ನು ಅಳತೆಯ ಪ್ರಕಾರ ಬಟ್ಟಲುಗಳಿಗೆ ಹಾಕುತ್ತೇನೆ. ಅತಿ ಸಣ್ಣ ತಿರುಪು ಮೊದಲ ಬಟ್ಟಲಿಗೆ, ದೊಡ್ಡ ಚಕ್ರ ಕೊನೆಯದಕ್ಕೆ. ಕಾಗದವನ್ನೂ ಹಾಗೆಯೇ ಬಿಚ್ಚಿದ್ದೇನೆ. ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಒಂದೊಂದೇ ಪದ ನಕಲು ಮಾಡಿದೆ. ಒಮ್ಮೆ ಬಂದದ್ದನ್ನು ಮತ್ತೆ ಬರೆಯಲಿಲ್ಲ. ಒಟ್ಟು ಐವತ್ತು ಪದ. ಎರಡು ಮೂರು ಅಕ್ಷರದವು ಮೊದಲ ಪಟ್ಟಿಯಲ್ಲಿ, ಉದ್ದ ಪದಗಳು ಕೊನೆಗೆ. ಹೀಗೆ ಬಂದರೆ ಕಾಗದದಲ್ಲಿ ಏನಿದೆ ಎಂಬುದು ನಿಮಗೆ ತಿಳಿಯುವುದಿಲ್ಲ, ನಿಮ್ಮ ನಿಯಮವೂ ಮುರಿಯುವುದಿಲ್ಲ.

ಮೊದಲ ಹತ್ತು ಇಟ್ಟಿದ್ದೇನೆ.

ಗಡಿಯಾರ ರಿಪೇರಿಯವ


ಮಾರ್ಚ್ 12

ಗಡಿಯಾರದವರಿಗೆ ನಮಸ್ಕಾರ.

ನಿಮ್ಮ ದರ್ಜಿಗೆ ನನ್ನ ಕಲಿಮೇರಾ ತಿಳಿಸಿ.

ಪದಗಳನ್ನು ಅಳತೆಯ ಪ್ರಕಾರ ಕಳುಹಿಸಿದವರು ಈವರೆಗೆ ಯಾರೂ ಇಲ್ಲ. ನಿಮ್ಮ ನಕಲು ಎಷ್ಟು ಸ್ವಚ್ಛವಾಗಿದೆಯೆಂದರೆ ಅಚ್ಚು ಹಾಕಿಸಿದಂತಿದೆ. ಚಿಕ್ಕ ಪದಗಳು ಎಲ್ಲ ಭಾಷೆಯಲ್ಲೂ ಅಂಟು, ಮೊಳೆ ಇದ್ದ ಹಾಗೆ. ತಾವೇ ಏನನ್ನೂ ಹೇಳುವುದಿಲ್ಲ. ಕೆ: ಮತ್ತು. ದೆನ್: ಇಲ್ಲ, ಅಲ್ಲ. ಮು: ನನ್ನ. ಉಳಿದವು ಹಿಂದಿನ ಪುಟದಲ್ಲಿವೆ. ಹತ್ತರಲ್ಲಿ ಜೀವ ಇರುವುದು ಒಂದೇ. ಎಲಾ. ಬಾ ಎಂದರ್ಥ. ಹತ್ತಿರದವರನ್ನು ಏಕವಚನದಲ್ಲಿ ಕರೆಯುವುದು. ದೂರದವರಿಗೆ, ದೊಡ್ಡವರಿಗೆ ಬೇರೆ ರೂಪವಿದೆ, ಪಟ್ಟಿಯಲ್ಲಿ ಅದಿಲ್ಲ.

ಈ ಸಲದ ಪಾಠ: ಅಂಗಡಿಯಲ್ಲಿ ಸಾಮಾನು ಕೇಳುವುದು, ಹವಾಮಾನದ ಬಗ್ಗೆ ಎರಡು ಮಾತು.

ಗ್ರೀಕ್ ಟೀಚರ್


ಮಾರ್ಚ್ 22

ಟೀಚರ್ ಅವರಿಗೆ ನಮಸ್ಕಾರ.

ಬಾ ಎಂದು ಬರೆದಿದ್ದಾಳೆ. ಅದೂ ಏಕವಚನದಲ್ಲಿ. ಹನ್ನೊಂದು ವರ್ಷ ಬಿಟ್ಟು, ನನಗೆ ಬಾರದ ಭಾಷೆಯಲ್ಲಿ. ಕರೆದ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಓಡುವವನು ನಾನಲ್ಲ ಎಂಬುದು ಅವಳಿಗೂ ಗೊತ್ತು.

ಎರಡನೆಯ ಪಟ್ಟಿ ಇದರಲ್ಲಿದೆ. ಹವಾಮಾನದ ಪಾಠ ಆಯಿತು. ಇವತ್ತು ಮೋಡವಿದೆ ಎಂದು ದರ್ಜಿಗೆ ಹೇಳಿದೆ. "ನನಗೇನ್ ಬೈದ್ರಿ?" ಎಂದು ಕೇಳಿದ.

ಗಡಿಯಾರ ರಿಪೇರಿಯವ


ಏಪ್ರಿಲ್ 2

ಗಡಿಯಾರದವರಿಗೆ ನಮಸ್ಕಾರ.

ಈ ಪಟ್ಟಿಯಲ್ಲಿ ಮನೆಯ ಮಾತು ಜಾಸ್ತಿ. ಮಮಾ: ಅಮ್ಮ. ದೇಕಾ: ಹತ್ತು. ಥೀಯೆ ಎಂಬುದಕ್ಕೆ ಸ್ವಲ್ಪ ವಿವರ ಬೇಕು. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಬೇರೆ ಬೇರೆ. ಅವರಿಗೆ ಅಷ್ಟು ಸಂಕಟವಿಲ್ಲ, ಎಲ್ಲರಿಗೂ ಥೀಯೊಸ್ ಒಂದೇ. ಎದುರಿಗೆ ಕೂಗಿ ಕರೆಯುವಾಗ ಅದು ಥೀಯೆ ಆಗುತ್ತದೆ. 'ಮಾವಾ' ಎಂದು ನಾವು ಕೊನೆಗೆ ಎಳೆಯುತ್ತೇವಲ್ಲ, ಹಾಗೆ.

ನಿಮ್ಮ ತಂಗಿ ನಿಮ್ಮನ್ನು ಹಾಗೆ ಕರೆಯಲಾರರು. ಇಷ್ಟು ಹೇಳಿದ್ದಕ್ಕೇ ನನ್ನ ನಿಯಮ ಸ್ವಲ್ಪ ಬಾಗಿತು. ಇನ್ನು ಮುಂದಿನದು ನಿಮ್ಮದು.

ಗ್ರೀಕ್ ಟೀಚರ್


ಏಪ್ರಿಲ್ 11

ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಬಂತು. ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತು ಬರೆಯುತ್ತಿದ್ದೇನೆ.

ಕಾಗದ ಬರೆದದ್ದು ತಂಗಿಯಲ್ಲ. ಅವಳಿಗೊಂದು ಮಗುವಿದೆ. ನನಗೆ ಗೊತ್ತಿರಲಿಲ್ಲ. ಅಕ್ಷರ ಯಾಕೆ ಅಷ್ಟು ದುಂಡಗೆ, ಒಂದೊಂದೂ ಗೆರೆಯ ಮೇಲೆ ಕೂರಿಸಿದಂತಿದೆ ಎಂದು ಈಗ ಅರ್ಥವಾಯಿತು. ಹತ್ತು ಎಂದರೆ ವಯಸ್ಸಿರಬೇಕು. ಬಾ ಎಂದದ್ದು ಆ ಮಗು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಅವಳನ್ನು ಬೆಳೆಸಿದವನು ನಾನು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಕಲಿತಳು. ನನಗಿಂತ ಕೈ ಚುರುಕು. ಹಡಗಿನ ಮೆಕ್ಯಾನಿಕ್ ಒಬ್ಬ ಗಡಿಯಾರ ರಿಪೇರಿಗೆ ಕೊಟ್ಟ. ಅದು ಸರಿಯಾದ ಮೇಲೂ ಬರುತ್ತಲೇ ಇದ್ದ. ಮದುವೆಯಾದ ಮೇಲೆ ನನಗೆ ತಿಳಿಸಿದಳು. ಅವಳು ಹೊರಟು ನಿಂತಾಗ ನಾನು ಹೇಳಿದ ಮಾತು ಹೀಗಿತ್ತು: "ಅವನ ಭಾಷೆ ಬೇಕು ತಾನೆ? ಅದರಲ್ಲೇ ಬದುಕು. ನಮ್ಮ ಮಾತಲ್ಲಿ ನನಗೆ ಇನ್ನೊಂದಕ್ಷರ ಬರೀಬೇಡ. ನಿನ್ನ ಬಾಯಲ್ಲಿ ಈ ಮಾತು ಬರೋದೇ ಬೇಡ."

ಅವಳು "ಆಯ್ತು ಅಣ್ಣಯ್ಯ" ಎಂದಳು. ಅಷ್ಟೇ. ಮಗುವಿಗೂ ಕಲಿಸಿಲ್ಲ ಎಂದು ಕಾಣುತ್ತದೆ.

ಮೂರನೆಯ ಪಟ್ಟಿ ಇಟ್ಟಿದ್ದೇನೆ. ಮಗುವಿನ ಜೊತೆ ಆಡುವ ನಾಲ್ಕು ಮಾತನ್ನೂ ಮುಂದಿನ ಪಾಠದಲ್ಲಿ ಸೇರಿಸಿ. ಹೋದಾಗ ಮೂಕನ ಹಾಗೆ ನಿಲ್ಲುವುದಕ್ಕೆ ನನಗೆ ಇಷ್ಟವಿಲ್ಲ.

ಗಡಿಯಾರ ರಿಪೇರಿಯವ


ಏಪ್ರಿಲ್ 21

ಗಡಿಯಾರದವರಿಗೆ ನಮಸ್ಕಾರ.

ಕೇಳಿ ಸಂತೋಷವಾಯಿತು. ಹೋದಾಗ, ಎಂದಿದ್ದೀರಿ. ಹಿಂದಿನ ಪತ್ರದಲ್ಲಿ ಆ ಮಾತು ಇರಲಿಲ್ಲ.

ಮಗುವಿನ ಜೊತೆ ಆಡುವ ಮಾತು ನಾಲ್ಕಲ್ಲ, ಹದಿನಾಲ್ಕು ಬರೆದಿದ್ದೇನೆ. ನಿನ್ನ ಹೆಸರೇನು, ಯಾವ ಕ್ಲಾಸು, ಇದಕ್ಕೆ ನಿಮ್ಮಲ್ಲಿ ಏನಂತಾರೆ. ಈ ಕೊನೆಯದು ಬಹಳ ಕೆಲಸಕ್ಕೆ ಬರುತ್ತದೆ. ಮಕ್ಕಳಿಗೆ ದೊಡ್ಡವರಿಗೆ ಕಲಿಸುವುದೆಂದರೆ ಖುಷಿ.

ಈ ಪಟ್ಟಿಯಲ್ಲಿ ನಿಮ್ಮ ಕಸುಬಿನ ಮಾತೇ ಇದೆ. ರೊಲೋಯ್: ಗಡಿಯಾರ. ದೀಕ್ಸೆ: ತೋರಿಸು. ಕ್ಸೇರಿ: ಗೊತ್ತಿದೆ, ಬಲ್ಲರು. ಲಾಥೊಸ್: ತಪ್ಪು. ಉಳಿದವು ಹಿಂದೆ.

ಸಿಗಾ ಸಿಗಾ. ಇನ್ನು ಎರಡೇ ಪಟ್ಟಿ.

ಗ್ರೀಕ್ ಟೀಚರ್


ಮೇ 16

ಗಡಿಯಾರದವರಿಗೆ ನಮಸ್ಕಾರ.

ಈ ಸಲ ನಿಮ್ಮಿಂದ ಪಟ್ಟಿ ಬರಲಿಲ್ಲ. ಅಂಚೆಯಲ್ಲಿ ಕಳೆದುಹೋಯಿತೋ, ಕೆಲಸ ಹೆಚ್ಚಾಯಿತೋ ತಿಳಿಯದು. ವಿದ್ಯಾರ್ಥಿಗಳು ನಡುವೆ ಬಿಟ್ಟರೆ ನಾನು ಸಾಮಾನ್ಯವಾಗಿ ಬರೆದು ಕೇಳುವುದಿಲ್ಲ.

ಗ್ರೀಕ್ ಟೀಚರ್


ಮೇ 25

ಟೀಚರ್ ಅವರಿಗೆ ನಮಸ್ಕಾರ.

ಅಂಚೆಯಲ್ಲಿ ಏನೂ ಕಳೆದಿಲ್ಲ. ಪಟ್ಟಿ ನನ್ನ ಡ್ರಾಯರಿನಲ್ಲೇ ಇತ್ತು.

ಲಾಥೊಸ್ ಎಂಬ ಪದ ನೋಡಿದ ಮೇಲೆ ಮುಂದುವರಿಸಲು ಮನಸ್ಸಾಗಲಿಲ್ಲ. ತಪ್ಪು. ಯಾರ ತಪ್ಪು ಎಂಬುದನ್ನು ಮಗುವಿನ ಬಾಯಲ್ಲಿ ಹೇಳಿಸಿದ್ದಾಳೆ ಎಂದುಕೊಂಡೆ. ನಾನು ಒಂದು ಮಾತು ಆಡಿದ್ದು ನಿಜ. ಅವಳೂ ಒಂದು ಮಾತು ಮೊದಲೇ ಹೇಳಬಹುದಿತ್ತು. ಹತ್ತು ವರ್ಷದ ಮಗುವಿಗೆ ಲೆಕ್ಕ ಒಪ್ಪಿಸಲು ನಾನು ಗ್ರೀಕ್ ಕಲಿಯಬೇಕೇ ಎನಿಸಿತು. ಕಲಿಮೇರಾ ಹೇಳುವುದನ್ನೂ ಬಿಟ್ಟೆ.

ನಿಮ್ಮ ಪತ್ರ ಬಂದದ್ದು ಇವತ್ತು. ಅದನ್ನು ಓದುತ್ತಿದ್ದಾಗ ದರ್ಜಿ ಬಂದ.

"ಏನಣ್ಣ, ಬರೋಬ್ಬರಿ ಮೂರು ವಾರ ಆಯ್ತು, ಗೋಡೆಗೆ ಗುಡ್ ಮಾರ್ನಿಂಗ್ ಇಲ್ಲ. ಜಗಳ ಆಡಿದ್ರಾ?"

"ಯಾರ ಜೊತೆ ಆಡ್ಲಿ?"

"ನಿಮಗೆ ಜಗಳ ಆಡೋಕೆ ಜನ ಯಾಕ್ ಬೇಕು ಬಿಡಿ."

ಅವನು ಹೋದ ಮೇಲೆ ಮೂರನೆಯ ಪಟ್ಟಿ ಮತ್ತೆ ತೆಗೆದೆ. ತಪ್ಪಿನ ಪಕ್ಕದಲ್ಲೇ ಗಡಿಯಾರವೂ ಇತ್ತು, ತೋರಿಸು ಎಂಬುದೂ ಇತ್ತು. ಅವಳ ಗಡಿಯಾರ ಕೆಟ್ಟಿರಬೇಕು. ನನಗೆ ತೋರಿಸಬೇಕು ಎನ್ನುತ್ತಿರಬಹುದು. ಅದರ ಮಾದರಿ ನನಗೆ ನೆನಪಿದೆ. ಆ ಅಳತೆಯ ಸ್ಪ್ರಿಂಗ್ ಈಗ ಸಿಗುವುದಿಲ್ಲ. ಹಳೆಯ ಗಡಿಯಾರವೊಂದರಿಂದ ತೆಗೆದು ತೊಳೆದಿಟ್ಟಿದ್ದೇನೆ.

ಉಳಿದ ಎರಡೂ ಪಟ್ಟಿ ಒಟ್ಟಿಗೆ ಕಳುಹಿಸುತ್ತಿದ್ದೇನೆ. ಇಪ್ಪತ್ತು ಪದವಾಯಿತು, ನಿಯಮಕ್ಕಿಂತ ಹತ್ತು ಹೆಚ್ಚು. ಕ್ಷಮಿಸಿ.

ಗಡಿಯಾರ ರಿಪೇರಿಯವ


ಜೂನ್ 7, ತಂತಿ

ಹುಷಾರಿಲ್ಲ. ಆಸ್ಪತ್ರೆ. ಕಾಯುತ್ತಿದ್ದಾರೆ. ಬೇಗ. ಇಂದೇ ಹೊರಡಿ. ಕಾಗದ ಬಲ್ಲವರಿಗೆ ತೋರಿಸಿ.
ಟೀಚರ್


ಜೂನ್ 7

ಗಡಿಯಾರದವರಿಗೆ.

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪಟ್ಟಿ ನನಗೆ ಬಂದದ್ದು ಇವತ್ತಲ್ಲ, ಮೂರನೆಯ ತಾರೀಖು. ಆರೊಸ್ತಿ: ಕಾಯಿಲೆಯಾದವಳು. ಗ್ರೀಗೊರಾ: ಬೇಗ. ಪೆರಿಮೇನಿ: ಕಾಯುತ್ತಿದ್ದಾಳೆ. ನೊಸೊಕೊಮೀಯೊ: ಆಸ್ಪತ್ರೆ. ಇಪ್ಪತ್ತು ಪದಗಳಲ್ಲಿ ಈ ನಾಲ್ಕು ಸಾಕಾಗಿತ್ತು. ಆದರೂ ನಾಲ್ಕು ದಿನ ಮೇಜಿನ ಮೇಲಿಟ್ಟುಕೊಂಡು ಕೂತೆ. ಇದು ನಾನು ಹೇಳಬೇಕಾದ ಮಾತೇ, ಅರ್ಥ ಬರೆದು ಸುಮ್ಮನಿರಬೇಕೇ ಎಂದು ಯೋಚಿಸುತ್ತಿದ್ದೆ.

ಆ ಆರನೆಯ ನಿಯಮ ಯಾಕಿದೆ ಎಂದು ಹೇಳುತ್ತೇನೆ. ಆಫೀಸಿನಲ್ಲಿದ್ದಾಗ ನಾವಿಕನೊಬ್ಬನ ಹೆಂಡತಿ ಗಂಡನ ಪತ್ರ ತಂದು ಓದಿಸಿದಳು. ಅವನು ಇನ್ನು ಬರುವುದಿಲ್ಲ ಎಂದು ಬರೆದಿದ್ದ. ಅದನ್ನು ಮೊದಲು ತಾನೇ ಓದಿಕೊಳ್ಳುವ ಅವಕಾಶ ಕೂಡ ಅವಳಿಗಿರಲಿಲ್ಲ. ನನ್ನ ಬಾಯಿಂದ, ಆಫೀಸಿನ ಗುಮಾಸ್ತರ ಎದುರು ಕೇಳಿದಳು. ಅವಳ ಮುಖ ನೋಡಿದ ಮೇಲೆ ಇನ್ನು ಯಾರ ಪತ್ರವನ್ನೂ ಓದುವುದಿಲ್ಲ ಎಂದುಕೊಂಡೆ. ನಿಮ್ಮಂಥ ವಿದ್ಯಾರ್ಥಿ ಸಿಕ್ಕಿದಾಗ ನನ್ನ ನಿಯಮ ಸರಿಯೆಂದು ಹೆಮ್ಮೆಪಟ್ಟೆ. ನಿಮ್ಮ ನಕಲು ಅಷ್ಟು ಅಚ್ಚುಕಟ್ಟಾಗಿರದೆ, ಮಗುವಿನ ಕೈಬರಹವನ್ನು ಒಂದು ಸಲ ನಾನು ಕಂಡಿದ್ದರೆ, ಮೊದಲನೆಯ ದಿನವೇ ಕೇಳುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಕೇಳುತ್ತಿದ್ದೆನೋ ಇಲ್ಲವೋ.

ಪಾಠದಲ್ಲಿ ಇನ್ನೂ ಬಾರದ ಮಾತೊಂದಿದೆ. ಕಾಯಿಲೆಯವರ ಹಾಸಿಗೆಯ ಪಕ್ಕ ನಿಂತು ಹೇಳುವುದು. ಪೆರಸ್ತಿಕಾ. ಬೇಗ ಕಳೆದುಹೋಗಲಿ ಎಂದರ್ಥ. ಅದನ್ನು ಹೇಳುವ ಅವಕಾಶ ನಿಮಗೆ ಸಿಗಲಿ.

ಗ್ರೀಕ್ ಟೀಚರ್


ಜುಲೈ 9

ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಜೂನ್ ಏಳರ ಪತ್ರವನ್ನು ದರ್ಜಿ ಇಲ್ಲಿಗೆ ಕಳುಹಿಸಿದ, ನಿನ್ನೆ ತಲುಪಿತು. ತಂತಿ ಆ ದಿನವೇ ಸಿಕ್ಕಿತ್ತು. ಅಂಗಡಿಯ ಬೀಗದ ಕೈ ಅವನ ಕೈಗೆ ಕೊಟ್ಟು ಹೊರಟೆ. ಉಟ್ಟ ಬಟ್ಟೆಯಲ್ಲಿ ಹೊರಟಿದ್ದೆ. ತಾನು ಯಾರಿಗೋ ಹೊಲಿದಿಟ್ಟಿದ್ದ ಅಂಗಿ ತಂದು ಚೀಲಕ್ಕೆ ತುರುಕಿದ.

ಲಕೋಟೆಯ ಅಂಚೆ ಮುದ್ರೆಯಲ್ಲಿದ್ದ ಊರಿಗೆ ಏಳು ದಿನದ ದಾರಿ. ಹಡಗಿನಲ್ಲಿ ಎರಡೂ ಭಾಷೆ ಬಲ್ಲ ಅಡುಗೆಯವನೊಬ್ಬನಿದ್ದ. ಅವನಿಗೆ ಕಾಗದ ತೋರಿಸಿದೆ. ಕೈ ಒರೆಸಿಕೊಂಡು ನಿಂತಲ್ಲೇ ಓದಿ ಹೇಳಿದ. ಎರಡು ನಿಮಿಷ ಹಿಡಿಯಿತು.

ಮೂರು ತಿಂಗಳು ನೀವು ಅದರ ತುಂಡುಗಳನ್ನು ನೋಡಿದ್ದೀರಿ. ಇಡೀ ಕಾಗದ ಹೀಗಿದೆ:

"ಮಾವಾ, ನಿನಗೆ ನಮ್ಮ ಭಾಷೆ ಬರಲ್ಲ ಅಂತ ಗೊತ್ತು. ಇದನ್ನು ಬಲ್ಲವರು ಯಾರಿಗಾದರೂ ತೋರಿಸು. ನನಗೆ ಹತ್ತು ವರ್ಷ. ಅಮ್ಮನಿಗೆ ಕಾಯಿಲೆ, ಆಸ್ಪತ್ರೆಯಲ್ಲಿದ್ದಾಳೆ. ಅಪ್ಪ ಹಡಗಲ್ಲಿದ್ದಾನೆ. ಅಮ್ಮನ ಗಡಿಯಾರ ತಪ್ಪು ಗಂಟೆ ತೋರಿಸುತ್ತೆ, ಸರಿ ಮಾಡಲು ಯಾರಿಗೂ ಬಿಡಲ್ಲ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ. ಅವಳು ನಿನ್ನನ್ನು ಕಾಯುತ್ತಿದ್ದಾಳೆ. ಬೇಗ ಬಾ."

ಬಲ್ಲವರಿಗೆ ತೋರಿಸು ಎಂದು ಮೊದಲಲ್ಲೇ ಬರೆದಿತ್ತು. ನಾನು ಬಿಚ್ಚಿದೆ.

ತಂಗಿ ತೀರಿಕೊಂಡದ್ದು ಮೇ ಇಪ್ಪತ್ತೊಂಬತ್ತಕ್ಕೆ. ನಿಮ್ಮ ನಾಲ್ಕು ದಿನದ ವಿಷಯ ಮನಸ್ಸಿನಿಂದ ತೆಗೆದುಹಾಕಿ. ಲೆಕ್ಕ ಹಾಕಿ ನೋಡಿದ್ದೇನೆ. ಪಟ್ಟಿ ನಿಮ್ಮ ಕೈಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಲಾಥೊಸ್ ನೋಡಿ ಡ್ರಾಯರ್ ಮುಚ್ಚದೆ ಮೇ ಒಂದರಂದೇ ಕಳುಹಿಸಿದ್ದರೆ ಅವಳು ತೀರುವುದಕ್ಕೆ ಹನ್ನೊಂದು ದಿನ ಮೊದಲೇ ನಾನು ಇಲ್ಲಿರುತ್ತಿದ್ದೆ. ಈ ಲೆಕ್ಕದಲ್ಲಿ ನಿಮ್ಮ ಪಾಲು ಏನೂ ಇಲ್ಲ.

ಪೆರಸ್ತಿಕಾ ಎಂಬ ಮಾತು ನನಗೆ ಬೇಕಾಗಲಿಲ್ಲ. ಇಲ್ಲಿಯವರು ಬಂದು ಕೈ ಹಿಡಿದು ಬೇರೊಂದು ಹೇಳುತ್ತಾರೆ. ಝೋಯಿ ಸೆ ಸಾಸ್. ಬದುಕು ನಿಮಗಿರಲಿ ಎಂದಂತೆ. ಅದಕ್ಕೆ ತಿರುಗಿ ಏನು ಹೇಳಬೇಕೋ ನನಗೆ ಗೊತ್ತಿಲ್ಲ, ಎಫ್‌ಖಾರಿಸ್ತೋ ಎನ್ನುತ್ತೇನೆ. ಧನ್ಯವಾದ. ಯಾರೂ ತಪ್ಪು ತಿಳಿಯುವುದಿಲ್ಲ.

ಗಡಿಯಾರವನ್ನು ಮಗು ನನ್ನ ಮುಂದೆ ತಂದಿಟ್ಟಿತು. ತಂದಿದ್ದ ಸ್ಪ್ರಿಂಗ್ ಜೇಬಿನಿಂದ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿದೆ. ಒಳಗೆ ಏನೂ ಕೆಟ್ಟಿರಲಿಲ್ಲ. ಯಾರೋ ಬಲ್ಲವರು ತಪ್ಪದೆ ಎಣ್ಣೆ ಹಾಕಿದ್ದರು, ತಂಗಿಯೇ. ಈ ಊರಿನ ಗಂಟೆಗೆ ಹೊಂದುತ್ತಿರಲಿಲ್ಲ, ಅಷ್ಟೇ. ನನ್ನ ಕೈಗಡಿಯಾರವನ್ನು ನಾನೂ ದಾರಿಯಲ್ಲಿ ತಿರುಗಿಸಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. ಎರಡೂ ನಮ್ಮ ಅಂಗಡಿಯ ಹೊತ್ತನ್ನೇ ತೋರಿಸುತ್ತಿದ್ದವು. ಮುಚ್ಚಳ ಹಾಕಿ ಮಗುವಿನ ಕೈಗೆ ಕೊಟ್ಟೆ. "ಲಾಥೊಸ್?" ಎಂದು ಕೇಳಿತು. "ಓಹಿ" ಎಂದೆ.

ನೀವು ಕಲಿಸಿದ ಹದಿನಾಲ್ಕು ಮಾತೂ ಮೊದಲ ದಿನವೇ ಮುಗಿದವು. ಈಗ ಆ ಹುಡುಗಿಯೇ ಕಲಿಸುತ್ತಾಳೆ. ಚಮಚ, ಬಾಗಿಲು, ಮೊಣಕೈ. ನಾನು ತಪ್ಪಾಗಿ ಹೇಳಿದರೆ ಅಮ್ಮನ ಹಾಗೆಯೇ ಹುಬ್ಬು ಮೇಲೆತ್ತುತ್ತಾಳೆ.

ನಿನ್ನೆ ನೋಟ್‌ಪುಸ್ತಕದ ಹಾಳೆಯೊಂದನ್ನು ತಂದಳು. ಕೊನೆಯ ಮೂರು ದಿನ ಅವಳಮ್ಮ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಒಂದೇ ಮಾತನ್ನು ಕೇಳುತ್ತಿದ್ದಳಂತೆ. ಆ ಭಾಷೆಯನ್ನು ಅವಳ ಬಾಯಲ್ಲಿ ಮಗು ಹಿಂದೆಂದೂ ಕೇಳಿರಲಿಲ್ಲ. ಯಾರಿಗಾದರೂ ತೋರಿಸೋಣವೆಂದು, ಕಿವಿಗೆ ಬಿದ್ದ ಹಾಗೆ ತನ್ನ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು. ನನಗೆ ಆ ಅಕ್ಷರ ಬರುತ್ತದೆ, ನೀವು ಕಲಿಸಿದ್ದೀರಿ. ಓದಿದೆ. ಅವರಲ್ಲಿ ಣಕಾರ ಇಲ್ಲ, ಆದರೂ ಓದಲು ಕಷ್ಟವಾಗಲಿಲ್ಲ.

ಇದರ ಅರ್ಥವೇನೆಂದು ನಿನ್ನೆಯಿಂದ ನನ್ನನ್ನು ಕೇಳುತ್ತಿದ್ದಾಳೆ. ಅವಳ ಭಾಷೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬಂದರೂ ನನ್ನ ಬಾಯಿಂದ ಹೊರಡುವುದೋ ಇಲ್ಲವೋ ತಿಳಿಯದು. ಬರೆದದ್ದಿದ್ದರೆ ಅವಳ ಮುಂದೆ ಇಡಬಹುದು, ಅವಳೇ ಓದಿಕೊಳ್ಳಲಿ.

ಎರಡೇ ಪದ. ಈ ಸಲ ಅಳತೆ ನೋಡಿಲ್ಲ. ತಂಗಿ ಹೇಳಿದ ಕ್ರಮದಲ್ಲೇ ಇದೆ. ಖಾಸಗಿಯದು, ಹೌದು. ದಯವಿಟ್ಟು ಅನುವಾದಿಸಿ ಕೊಡಿ.

ಅಣ್ಣಯ್ಯ ಬಂದ್ನಾ?